ಹಳೆ ಲ್ಯಾಂಡ್ ಕ್ರೂಸರ್: ಮುಂಗಡ ಕೊಡುವ ಮುಂಚೆ ಅಡಿಭಾಗ ನೋಡಿ

1978ರ ಎಫ್‌ಜೆ40 (ಟೊಯೊಟಾದ ಹಳೆ ಲ್ಯಾಂಡ್ ಕ್ರೂಸರ್ ಮಾಡೆಲ್), ಪೂರ್ತಿ ರಿಸ್ಟೋರ್ ಆಗಿದೆ, ಷೆವರ್ಲೆ ಕಂಪನಿಯ ವಿ8 (ಎಂಟು ಸಿಲಿಂಡರ್) ಎಂಜಿನ್ ಕೂರಿಸಿ ನಾಲ್ಕು ಇಂಚು ಎತ್ತರಿಸಿದ್ದಾರೆ, ಫೋಟೊ ನೋಡಿಯೇ ಮುಂಗಡ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಗಾಡಿ ಕೆಟ್ಟದ್ದು ಅಂತಲ್ಲ. ಕಳಿಸಿದ ಫೋಟೊಗಳಲ್ಲಿ ಅಡಿಭಾಗದ್ದು ಒಂದೂ ಇಲ್ಲ ಅಂದಿರಲ್ಲ, ಅದಕ್ಕೆ.

ಈ ಗಾಡಿಯ ಜೀವವೆಲ್ಲ ಚಾಸಿಯಲ್ಲಿ, ಅಂದರೆ ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟಿನಲ್ಲಿದೆ. ಹಿಂದಿನ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಚಾಸಿಗೆ ಸೇರುವ ಹ್ಯಾಂಗರ್‌ಗಳ ಹತ್ತಿರ ಕೆಸರು ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಅಲ್ಲಿ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ, ಸವೆದದ್ದು ಮಂಕಾಗಿ ದಬ್ ಅನ್ನುತ್ತದೆ. ಗಾಡಿಯ ಬಾಡಿ ಪರೀಕ್ಷಿಸಲು ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು. ಪುಟ್ಟಿ ದಪ್ಪಗಿದ್ದ ಕಡೆ ಅಂಟುವುದಿಲ್ಲ.

ನನಗೇನೋ ಮೂಲದ 4.2 ಲೀಟರಿನ 2ಎಫ್ ಎಂಜಿನ್ನೇ ಇಷ್ಟ. ಓಟ ನಿಧಾನ, ಆದರೆ ಕಲ್ಲುಬಂಡೆ ಹತ್ತುವಾಗ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ವಿ8 ಹಾಕಿದರೂ ತಪ್ಪಿಲ್ಲ, ರೇಡಿಯೇಟರ್ ಮತ್ತು ಬ್ರೇಕನ್ನೂ ಅದಕ್ಕೆ ತಕ್ಕಂತೆ ಬದಲಿಸಿರಬೇಕು ಅಷ್ಟೆ. ಹೊಸ ಎಂಜಿನ್ ನಂಬರ್ ದಾಖಲೆಗೆ ಸೇರಿದೆಯಾ ನೋಡಿ.

ಎತ್ತರಿಸಿದವರು ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಅಕ್ಷದ ಹಿಂದು-ಮುಂದಿನ ವಾಲಿಕೆ) ಸರಿಪಡಿಸದಿದ್ದರೆ ವೇಗದಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ. ಎಂಜಿನ್ ಶಕ್ತಿಯನ್ನು ಚಕ್ರಗಳ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೋನ ಜಾಸ್ತಿಯಾಗಿದ್ದರೆ ಗಾಡಿ ನಡುಗುತ್ತದೆ. ಎರಡೂ ಓಡಿಸಿದರೆ ಮಾತ್ರ ಗೊತ್ತಾಗುವಂಥವು. ಹೋದಾಗ ಎಂಜಿನ್ ತಣ್ಣಗಿರಲಿ, ನೀವೇ ಸ್ಟಾರ್ಟ್ ಮಾಡಿ. ಕೊನೆಗೆ ಲೋ ರೇಂಜ್ (ವೇಗ ಕಡಿಮೆ, ಎಳೆತ ಹೆಚ್ಚಿನ ಗೇರ್) ಹಾಕಿ ಇಳಿಜಾರಿನಲ್ಲಿ ಓಡಿಸಿ; ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ.