ಬೂದು-ಬಿಳಿ ಕಡಲಹಕ್ಕಿಗಳಾದ ಗಲ್‌ಗಳ ನಡುವೆ ಒಂದೇ ಒಂದು ಕಂದು ಹಕ್ಕಿ, ಬೇರೆ ಜಾತಿಯೇ?

ಅಲ್ಲ, ಬಹುಶಃ ಅದೇ ಹೆರ್ರಿಂಗ್ ಗಲ್‌ನ ಎಳೆಯದು. ಯುರೋಪಿನ ಈ ಕಡಲಹಕ್ಕಿಗೆ ಬೂದು ಬೆನ್ನು, ಬಿಳಿ ತಲೆ ಪೂರ್ತಿ ಬರಲು ಸುಮಾರು 4 ವರ್ಷ ಬೇಕು. ಗಾತ್ರ ನೋಡಿ ಮೋಸ ಹೋಗಬೇಡಿ, ಅದು ಬೇಗನೆ ದೊಡ್ಡದಾಗುತ್ತದೆ.

ಮೊದಲು ಕೊಕ್ಕು, ಕಣ್ಣು ಗಮನಿಸಿ. ಎರಡೂ ಕಪ್ಪಗಿದ್ದರೆ ಮೊದಲ ವರ್ಷದ್ದು. ಬೆಳೆದದ್ದಕ್ಕೆ ತಿಳಿ ಹಳದಿ ಕಣ್ಣು, ಹಳದಿ ಕೊಕ್ಕಿನಡಿ ಕೆಂಪು ಚುಕ್ಕೆ (ಮರಿಗಳು ತಿನ್ನಲು ಕೇಳುವುದು ಆ ಚುಕ್ಕೆಯನ್ನು ಕುಕ್ಕಿಯೇ!). ಆಮೇಲೆ ಹಾರುವಾಗ ಫೋಟೊ ತೆಗೆಯಿರಿ. ರೆಕ್ಕೆಯ ಮಧ್ಯಭಾಗದ ಗರಿಗಳು ತಿಳಿ ಬಣ್ಣದಲ್ಲಿ ಕಂಡರೆ ಹೆರ್ರಿಂಗ್. ಇಡೀ ರೆಕ್ಕೆ ಗಾಢವಾಗಿದ್ದರೆ ಲೆಸ್ಸರ್ ಬ್ಲ್ಯಾಕ್‌ಬ್ಯಾಕ್ಡ್ ಗಲ್ ಎಂಬ ಇನ್ನೊಂದು ಜಾತಿ ಇರಬಹುದು. ಕಾಲಿನ ಬಣ್ಣ ನಂಬಬೇಡಿ, ಈ ವಯಸ್ಸಿನಲ್ಲಿ ಎರಡಕ್ಕೂ ಗುಲಾಬಿ ಛಾಯೆಯೇ. ಕೂತ ಭಂಗಿಯ ಫೋಟೊ ಒಂದರಿಂದಲೇ ಖಚಿತವಾಗಿ ಹೇಳುವುದು ಕಷ್ಟ.