ಮೇಷ್ಟ್ರ ನಲವತ್ತನೇ ಬೆಟ್ಟ

ಮಂಡ್ಯದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪೂರ್ತಿ ಪತ್ರಕ್ಕೆ ಜಾಗ ಸಾಲದು. ಸಾರ ಇಷ್ಟು:

1998ರಲ್ಲಿ ಅವರೂ ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರೂ ಸೇರಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಲವತ್ತು ಬೆಟ್ಟಗಳ ಹೆಸರು ಬರೆದರು. ಮೊದಲು ಮನೆ ಹತ್ತಿರದ ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆ, ನಾರಾಯಣದುರ್ಗ. ಆಮೇಲೆ ದೂರದ ತಡಿಯಂಡಮೋಳ್, ಮುಳ್ಳಯ್ಯನಗಿರಿ. ರಜೆ ಸಿಕ್ಕಾಗ ಹತ್ತುವುದು, ಬಂದು ಟಿಕ್ ಹಾಕುವುದು. ಇಪ್ಪತ್ತಮೂರು ಮುಗಿದ ಹೊತ್ತಿಗೆ ಗೆಳೆಯರಿಗೆ ಸ್ಕೂಟರ್ ಅಪಘಾತವಾಗಿ ಕಾಲಿಗೆ ರಾಡ್ ಹಾಕಿದರು. ಅವರು ಬೆಟ್ಟ ಬಿಟ್ಟರು, ನೋಟ್‌ಬುಕ್ ಬಿಡಲಿಲ್ಲ. ಇವತ್ತಿಗೂ ಅದು ಅವರ ಮನೆಯಲ್ಲೇ ಇದೆ. ಬಸ್ಸಿನ ಟೈಮು ವಿಚಾರಿಸುವುದು ಅವರು, ತಾರೀಖು ಬರೆಯುವುದು ಅವರು.

ಈಗ ಉಳಿದಿರುವುದು ಕುಮಾರ ಪರ್ವತ ಒಂದೇ. ಮೇಷ್ಟ್ರು ಎರಡು ಸಲ ಹೋಗಿ ವಾಪಸ್ ಬಂದಿದ್ದಾರೆ. ಒಮ್ಮೆ ಮಳೆ. ಇನ್ನೊಮ್ಮೆ ಶೇಷಪರ್ವತದ ಹತ್ತಿರ ಮಂಡಿ ಕೈಕೊಟ್ಟಿತು. ವಯಸ್ಸು 64. ಭಾನುವಾರ ಟ್ರೈನ್ ಹಿಡಿದು ಮೈಸೂರಿಗೆ ಬಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಜೊತೆಯಾದ ಆರು ಜನ, ಅಂದರೆ ಒಬ್ಬ ಬಸ್ ಕಂಡಕ್ಟರ್, ಒಬ್ಬರು ನರ್ಸ್, ಟೈರ್ ಅಂಗಡಿಯವರು, ಮೂವರು ಕಾಲೇಜು ಹುಡುಗರು, 'ನಾವು ಕರೆದುಕೊಂಡು ಹೋಗ್ತೀವಿ ಬನ್ನಿ ಸಾರ್' ಅಂತಿದ್ದಾರೆ. ಮೇಷ್ಟ್ರ ಪ್ರಶ್ನೆ: 'ಬ್ಯಾಗು ಅವರ ಹೆಗಲ ಮೇಲೆ, ನನ್ನ ಕೈ ಅವರ ಕೈಯಲ್ಲಿ. ಕೊನೆಗೆ ಟಿಕ್ ಮಾತ್ರ ನಾನು ಹಾಕಿಕೊಂಡರೆ ಅದು ಕಾಪಿ ಹೊಡೆದು ಪಾಸಾದ ಹಾಗಲ್ವಾ?'

ಅಲ್ಲ ಮೇಷ್ಟ್ರೇ. ಹೋಗಿ ಬನ್ನಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾಲ್ಕು ಪುಟ ಬರೆದವರಿಗೆ ಎರಡು ಸಾಲಿನ ಉತ್ತರ ಕೊಟ್ಟರೆ ಸರಿಯಲ್ಲ. ಅದೂ ಅಲ್ಲದೆ ಪಟ್ಟಿ ಹಿಡಿದು ಬೆಟ್ಟ ಹತ್ತುವ ಹುಚ್ಚು ನನಗೂ ಸ್ವಲ್ಪ ಇದೆ.

ಈ ಹುಚ್ಚಿನ ಹಿರಿಯಣ್ಣ ಸ್ಕಾಟ್ಲೆಂಡಿನಲ್ಲಿದ್ದ. ಹ್ಯೂ ಮನ್ರೋ ಅಂತ. 1891ರಲ್ಲಿ ತನ್ನ ದೇಶದ ಮೂರು ಸಾವಿರ ಅಡಿ ದಾಟಿದ ಬೆಟ್ಟಗಳ ಪಟ್ಟಿ ಅಚ್ಚು ಹಾಕಿಸಿದ. ಅಲ್ಲಿಂದ ಅಳತೆ ಬದಲಾದಂತೆ ಪಟ್ಟಿಯೂ ಹಿಗ್ಗುತ್ತಾ ಕುಗ್ಗುತ್ತಾ ಬಂದು ಈಗ 282ಕ್ಕೆ ನಿಂತಿದೆ. ಆ ಬೆಟ್ಟಗಳಿಗೆ 'ಮನ್ರೋ' ಅಂತಲೇ ಹೆಸರು. ಸಾವಿರಾರು ಜನ ಅಷ್ಟನ್ನೂ ಹತ್ತಿ ಮುಗಿಸಿದ್ದಾರೆ. ಮುಗಿಸದೇ ಹೋದವನು ಮನ್ರೋ! 1919ರಲ್ಲಿ ಸತ್ತಾಗ ಅವನ ಪಟ್ಟಿಯಲ್ಲಿ ಇನ್ನೂ ಬಾಕಿ ಇತ್ತು. ಬಾಕಿಯಲ್ಲಿ ಒಂದು ಸ್ಕೈ ದ್ವೀಪದ 'ಇನಾಕ್ಸೆಸಿಬಲ್ ಪಿನಕಲ್'. ಹೆಸರೇ ಹೇಳುವ ಹಾಗೆ ಯಾರ ಕೈಗೂ ಸಿಗದ ಕಲ್ಲು. ಬ್ಲೇಡಿನ ಹಾಗೆ ಎದ್ದು ನಿಂತಿದೆ, ಎರಡೂ ಕಡೆ ಪ್ರಪಾತ. ಸುಮ್ನೆ ನಡೆದುಕೊಂಡು ಹತ್ತುವವರಿಗೆ ಅದು ಆಗುವ ಕೆಲಸವಲ್ಲ, ಹಗ್ಗ ಬೇಕು. ಹಾಗಾಗಿ ಇವತ್ತಿಗೂ ಮನ್ರೋ ಪಟ್ಟಿ ಮುಗಿಸುವವರಲ್ಲಿ ಬಹಳ ಜನ ಅಲ್ಲಿ ಗೈಡ್ ಹತ್ತಿರವೋ ಬಂಡೆ ಹತ್ತಿ ಗೊತ್ತಿರುವ ಸ್ನೇಹಿತರ ಹತ್ತಿರವೋ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡೇ ಹತ್ತುತ್ತಾರೆ. ಹಗ್ಗದ ಆ ತುದಿ ಯಾರ ಕೈಯಲ್ಲಿತ್ತು ಅಂತ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಆ ಪಟ್ಟಿಯನ್ನು ಮೊದಲು ಮುಗಿಸಿದವನು ಎಂದು ಹೆಸರಾದವನು ಎ. ಇ. ರಾಬರ್ಟ್‌ಸನ್ ಎಂಬ ಪಾದ್ರಿ. 1901ರಲ್ಲಿ ಕೊನೆಯ ಬೆಟ್ಟಕ್ಕೆ ಒಬ್ಬನೇ ಹೋಗಲಿಲ್ಲ. ಹೆಂಡತಿಯೂ ಒಬ್ಬ ಗೆಳೆಯನೂ ಜೊತೆಗಿದ್ದರು. ತುದಿ ಮುಟ್ಟಿದ ಮೇಲೆ ಮೊದಲು ಅಲ್ಲಿನ ಕಲ್ಲುಗುಡ್ಡೆಗೆ ಮುತ್ತು ಕೊಟ್ಟ, ಆಮೇಲೆ ಹೆಂಡತಿಗೆ ಕೊಟ್ಟ ಅಂತ ಕಥೆ. (ಆ ಕ್ರಮದ ಬಗ್ಗೆ ಆಕೆ ಮನೆಗೆ ಹೋದ ಮೇಲೆ ಏನಂದಳೋ.) ತಮಾಷೆ ಅಂದರೆ, ಒಂದು ಬೆಟ್ಟದಲ್ಲಿ ಮಳೆಗೆ ಹೆದರಿ ತುದಿ ಮುಟ್ಟದೆ ಇಳಿದಿದ್ದನಂತೆ ಅಂತ ಅವನ ಟಿಪ್ಪಣಿ ನೋಡಿದವರು ಆಮೇಲೆ ಅನುಮಾನ ಎತ್ತಿದರು. ಗಮನಿಸಿ ಮೇಷ್ಟ್ರೇ. ಅವನ ಜೊತೆ ಯಾರಿದ್ದರು, ಯಾರಿಲ್ಲ ಅಂತ ಯಾರೂ ತಕರಾರು ಮಾಡಲಿಲ್ಲ. ತುದಿ ಮುಟ್ಟಿದನೋ ಇಲ್ಲವೋ, ಅಷ್ಟೇ ಪ್ರಶ್ನೆ.

ಅಮೆರಿಕದ ಅಡಿರಾಂಡಾಕ್ ಬೆಟ್ಟಗಳ ಕಥೆ ನನಗೆ ಇನ್ನೂ ಇಷ್ಟ. ನ್ಯೂಯಾರ್ಕ್ ರಾಜ್ಯದಲ್ಲಿದೆ. ಮಾರ್ಷಲ್ ಅಣ್ಣತಮ್ಮಂದಿರಿಬ್ಬರು, ಅವರ ಮನೆಯವರಿಗೆ ದಾರಿ ತೋರಿಸುತ್ತಿದ್ದ ಹರ್ಬರ್ಟ್ ಕ್ಲಾರ್ಕ್ ಒಬ್ಬ, ಮೂವರೂ ಸೇರಿ 1918ರಿಂದ 1925ರೊಳಗೆ ನಾಲ್ಕು ಸಾವಿರ ಅಡಿ ದಾಟಿದ 46 ಬೆಟ್ಟ ಹತ್ತಿದರು. ಹುಡುಗರು ದೊಡ್ಡ ಮನೆಯವರು, ಕ್ಲಾರ್ಕ್ ಕೂಲಿಗೆ ಬಂದವನು. ಆದರೂ ಮೊದಲು ಮುಗಿಸಿದವರು ಯಾರು ಅಂದರೆ ಇವತ್ತಿಗೂ ಮೂರು ಹೆಸರು ಹೇಳುತ್ತಾರೆ. ಆಮೇಲೆ ಸರ್ಕಾರದವರು ಸರಿಯಾಗಿ ಅಳೆದಾಗ ನಾಲ್ಕು ಬೆಟ್ಟ ನಾಲ್ಕು ಸಾವಿರ ಅಡಿಗಿಂತ ಕಡಿಮೆ ಅಂತ ಗೊತ್ತಾಯಿತು. ಪಟ್ಟಿಯಿಂದ ಕಿತ್ತು ಹಾಕಿದರಾ? ಇಲ್ಲ. ಆ ಮೂವರು ಹತ್ತಿದ್ದು ಇವೇ, ನಾವೂ ಇವನ್ನೇ ಹತ್ತುತ್ತೇವೆ ಅಂತ ಹಾಗೇ ಬಿಟ್ಟರು. ಗಣಿತದ ಮೇಷ್ಟ್ರಿಗೆ ಇದು ಸರಿ ಕಾಣಲಿಕ್ಕಿಲ್ಲ.

ಅಷ್ಟು ದೂರ ಯಾಕೆ? ನೀವು ಪ್ರತಿ ಭಾನುವಾರ ಹತ್ತುವ ಮೆಟ್ಟಿಲನ್ನೇ ನೋಡಿ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಾರಲ್ಲ. ಸಾವಿರ ಸಲ ಬಗ್ಗಬೇಕು. ಒಬ್ಬರೇ ಹಚ್ಚುವುದನ್ನು ನಾನಂತೂ ನೋಡಿದ್ದು ಕಡಿಮೆ. ತಂಗಿ ತಟ್ಟೆ ಹಿಡಿದಿರುತ್ತಾಳೆ, ಮಗಳು ನೀರಿನ ಬಾಟಲಿ ಹಿಡಿದಿರುತ್ತಾಳೆ, ನಂದಿ ಹತ್ತಿರ ಬರುವಷ್ಟರಲ್ಲಿ ಕುಂಕುಮ ಹಚ್ಚುವ ಕೈಯೇ ಬದಲಾಗಿರುತ್ತದೆ. ಹರಕೆ ತೀರಲಿಲ್ಲ ಅಂತ ಯಾರಾದರೂ ಅಂದದ್ದುಂಟಾ?

ನನ್ನದೂ ಒಂದು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಮಧುಗಿರಿ ಹತ್ತುತ್ತಿದ್ದೆ. ಅದು ಇಡೀ ಬೆಟ್ಟವೇ ಒಂದು ಬಂಡೆ. ಮೇಲೆ ಹೋದಂತೆ ಇಳಿಜಾರು ಬಂಡೆಯಲ್ಲಿ ಕಾಲಿಡಲು ಕಡಿದ ಕುಳಿಗಳಷ್ಟೇ ಇರುವ ಜಾಗ ಬರುತ್ತದೆ. ಅಲ್ಲಿ ಸುಮ್ಮನೆ ಒಂದು ಸಲ ಹಿಂದೆ ತಿರುಗಿ ನೋಡಿದೆ. ಅಷ್ಟೇ. ಕಾಲು ಮೇಲಕ್ಕೂ ಏಳಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ನಾಲ್ಕು ಕಾಲಲ್ಲಿ ಹಲ್ಲಿ ಥರ ಅಂಟಿಕೊಂಡಿದ್ದೆ. ಮೇಲಿಂದ ಇಳಿಯುತ್ತಿದ್ದ ಹುಡುಗನೊಬ್ಬ ನಿಂತು, 'ಆಂಟಿ, ನಾನು ಕಾಲಿಟ್ಟ ಕಡೆನೇ ಇಡಿ, ಬೇರೆ ಏನೂ ನೋಡಬೇಡಿ' ಅಂದ. ಬೇರೆ ದಿನವಾಗಿದ್ದರೆ 'ಆಂಟಿ' ಅಂದದ್ದಕ್ಕೆ ಸಿಟ್ಟು ಬರುತ್ತಿತ್ತು. ಅವನು ಇಳಿಯಬೇಕಾದವನು ತಿರುಗಿ ನನ್ನ ಜೊತೆ ಮತ್ತೆ ತುದಿವರೆಗೆ ಹತ್ತಿದ. ಹೆಸರು ಕೇಳುವುದೂ ಮರೆತೆ. ನನ್ನ ಪಟ್ಟಿಯಲ್ಲಿ ಮಧುಗಿರಿಗೆ ಟಿಕ್ ಇದೆ. ಪಕ್ಕದಲ್ಲಿ 'ನೀಲಿ ಶರ್ಟ್ ಹುಡುಗ' ಅಂತ ಬರೆದಿದ್ದೇನೆ.

ನಿಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಇದೆ ಅಂದಿದ್ದೀರಿ. ಬೆಟ್ಟ, ಎತ್ತರ, ತಾರೀಖು, ಹತ್ತಲು ಹಿಡಿದ ಹೊತ್ತು. ಐದನೆಯದು 'ಯಾರ ಜೊತೆ' ಅಂತ ಒಂದು ಎಳೆಯಿರಿ. ನಿಮ್ಮ ಗೆಳೆಯರ ಹತ್ತಿರ ಹೇಳಿದರೆ ಹಳೆಯದನ್ನೂ ನೆನಪಿಂದ ತುಂಬಿಸುತ್ತಾರೆ, ನೋಡಿ.

ಇನ್ನು ಕುಮಾರ ಪರ್ವತದ ವಿಷಯ. 1,712 ಮೀಟರ್ ಎತ್ತರ. ಕುಕ್ಕೆ ಕಡೆಯಿಂದ ಹತ್ತಿದರೇ ಲೆಕ್ಕ, ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಹತ್ತಿದರೆ ಅರ್ಧ ಲೆಕ್ಕ ಅಂತ ನಿಮ್ಮ ಗುಂಪಿನ ಹುಡುಗನೊಬ್ಬ ಅಂದನಂತೆ. ಅವನಿಗೆ ಇಪ್ಪತ್ತು ವರ್ಷ, ಮಂಡಿ ಹೊಸದು, ಅನ್ನಲಿ ಬಿಡಿ. ನಿಮ್ಮ ಪಟ್ಟಿಯಲ್ಲಿ ಬರೆದಿರುವುದು ಬೆಟ್ಟದ ಹೆಸರು, ದಾರಿಯ ಹೆಸರಲ್ಲ. ಕುಕ್ಕೆ ಘಟ್ಟದ ಕೆಳಗಿದೆ, ಅಲ್ಲಿಂದ ಏರು ಬಹಳ ಜಾಸ್ತಿ. ದಾರಿಯಲ್ಲಿ ಸಿಗುವ ಭಟ್ಟರ ಮನೆ ದಾಟಿದ ಮೇಲೆ ಬಯಲು ಹುಲ್ಲುಗಾವಲು, ಬಿಸಿಲು ನೆತ್ತಿಗೇ ಹೊಡೆಯುತ್ತದೆ. ಬೀದಹಳ್ಳಿ ಆಗಲೇ ಘಟ್ಟದ ಮೇಲಿದೆ. ದಾರಿ ಚಿಕ್ಕದು, ಕಾಡಿನ ನೆರಳು ಜಾಸ್ತಿ. ತುದಿ ಹತ್ತಿರದ ಬಂಡೆ ಮಾತ್ರ ಹುಷಾರು, ಒದ್ದೆಯಾಗಿದ್ದರೆ ಜಾರುತ್ತದೆ. ನೀವು ಬೀದಹಳ್ಳಿಯಿಂದ ಹೋಗಿ.

ಮಳೆ ಪೂರ್ತಿ ನಿಂತ ಮೇಲೆ ಹೊರಡಿ, ಇಂಬಳದ ಕಾಟವೂ ಕಡಿಮೆ ಇರುತ್ತದೆ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಿ, ಆ ಕೆಲಸ ಹುಡುಗರಿಗೆ ಬಿಡಿ. ಮಂಡಿಯನ್ನು ಡಾಕ್ಟರಿಗೆ ಒಮ್ಮೆ ತೋರಿಸಿ. ಹತ್ತುವಾಗ ಉಸಿರಿನ ಕಷ್ಟ, ಮಂಡಿ ಕಷ್ಟ ಕೊಡುವುದು ಇಳಿಯುವಾಗ. ಅದಕ್ಕೇ ಎರಡು ಕೋಲು ಇರಲಿ, ಇಳಿಯಲು ಹತ್ತಿದಷ್ಟೇ ಹೊತ್ತು ಇಟ್ಟುಕೊಳ್ಳಿ. ಬ್ಯಾಗ್ ಅವರಿಗೇ ಕೊಡಿ, ನಾಚಿಕೆ ಬೇಡ. ಆದರೆ ನೀರು, ಟಾರ್ಚು, ಮಾತ್ರೆ, ಒಂದು ಸೀಟಿ, ಇಷ್ಟು ನಿಮ್ಮ ಮೈಮೇಲೇ ಇರಲಿ. ಹುಡುಗರು ಬ್ಯಾಗ್ ಹೊತ್ತು ಮುಂದೆ ಹೋದರೆ ನಿಮ್ಮ ನೀರೂ ಮುಂದೆ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಮಾತು ಹೊರಡುವ ಮೊದಲೇ ಆಗಬೇಕು. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂತಿರುಗಬೇಕು ಅಂತ ಆರೂ ಜನರ ಜೊತೆ ಕೂತು ಮಾತಾಡಿಕೊಳ್ಳಿ. ನಾನಾದರೆ ಹನ್ನೆರಡು ಅಂತೀನಿ. ಆ ಹೊತ್ತಿಗೆ ತುದಿ ಕಣ್ಣೆದುರೇ ಇದ್ದರೂ ತಿರುಗಿ. 'ಸಾರ್ ಇಷ್ಟು ದೂರ ಬಂದಿದ್ದೀವಿ' ಅಂತ ಅವರು ಅನ್ನುತ್ತಾರೆ, 'ನನ್ನಿಂದ ಇವರಿಗೂ ತಪ್ಪಿತಲ್ಲ' ಅಂತ ನಿಮಗನ್ನಿಸುತ್ತದೆ. ಬೇರೆಯವರ ಸಹಾಯ ಪಡೆಯುವುದರಲ್ಲಿ ಅಪಾಯ ಇರುವುದು ಇಲ್ಲಿ, ಟಿಕ್‌ನಲ್ಲಿ ಅಲ್ಲ. ನರ್ಸಮ್ಮನಿಗೆ ಗಡಿಯಾರ ಕೊಟ್ಟುಬಿಡಿ. ಅವರ ಮಾತೇ ಕೊನೆ.

ಈಗ ನಿಮ್ಮ ಪತ್ರದ ಕಟ್ಟಕಡೆಯ ಸಾಲಿಗೆ ಬರುತ್ತೇನೆ. ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ, ನಾನು ಓದುವುದಿಲ್ಲ ಅಂದುಕೊಂಡಿರಾ? '17ನೇದು, ನಂದಿಬೆಟ್ಟ, ಮಕ್ಕಳ ಜೊತೆ ಶಾಲೆಯ ಪ್ರವಾಸದ ಬಸ್ಸಿನಲ್ಲಿ ಮೇಲಿನವರೆಗೆ ಹೋಗಿದ್ದು. ನಾವಿಬ್ಬರೂ ಟಿಕ್ ಹಾಕಿಕೊಂಡೆವು.' ಮೇಷ್ಟ್ರೇ, ಕೈ ಹಿಡಿದು ಹತ್ತಿದ್ದು ಕಾಪಿ ಅಲ್ಲ. ಇದು ಕಾಪಿ. ಇದನ್ನು ನಾನು ಒಪ್ಪುವುದಿಲ್ಲ. ಹಾಗಾಗಿ ಕುಮಾರ ಪರ್ವತ ನಿಮ್ಮ ಮೂವತ್ತೊಂಬತ್ತನೇ ಬೆಟ್ಟ. ನಂದಿ ಬಾಕಿ ಇದೆ. ಹಳೆಯ ಮೆಟ್ಟಿಲ ದಾರಿ ಈಗಲೂ ಇದೆ, 1,478 ಮೀಟರಿನ ಬೆಟ್ಟ, ನಿಧಾನಕ್ಕೆ ಹತ್ತಿದರೆ ನಿಮ್ಮ ಮಂಡಿಗೆ ಕಷ್ಟವಾಗಲಾರದು.

ಗೆಳೆಯರನ್ನು ಅವತ್ತು ಕರೆದುಕೊಂಡು ಹೋಗಿ. ಬಸ್ಸು ಮೇಲಿನವರೆಗೂ ಹೋಗುತ್ತದಲ್ಲ, ಅವರು ನೋಟ್‌ಬುಕ್ ಹಿಡಿದು ಬಸ್ಸಿನಲ್ಲಿ ಬರಲಿ. ನೀವು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರು ಮೇಲೆ ಕೂತು ಕಾಫಿ ಕುಡಿದಿರುತ್ತಾರೆ.

— ಸಂಪಾದಕಿ