ಅಟ್ಟದಲ್ಲಿ ತಲವಾರು, ತಮ್ಮನ ಬಾಯಲ್ಲಿ ಶಿವಾಜಿ

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಅನುದಾನಿತ ಕನ್ನಡ ಶಾಲೆಯಲ್ಲಿ ಟೀಚರ್. ಅಪ್ಪ ತೀರಿಹೋಗಿದ್ದಾರೆ. ತಮ್ಮನಿಗೆ 22 ವರ್ಷ. ಐಟಿಐ ಮುಗಿಸಿ ವಯರಿಂಗ್ ಕೆಲಸಕ್ಕೆ ಹೋಗುತ್ತಾನೆ, ಗಲ್ಫಿನ ಆಸೆಯೂ ಉಂಟು. ಕಳೆದ ವರ್ಷ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಸ್ವಯಂಸೇವಕನಾಗಿ ಹೋದವನು ಅಲ್ಲಿಂದಲೇ ಯಾವುದೋ ಹೊಸ ‘ಸೇನೆ’ಗೆ ಸೇರಿಕೊಂಡ. ಈಗ ವಾರದಲ್ಲಿ ಮೂರು ರಾತ್ರಿ ಮನೆಯಲ್ಲಿರುವುದಿಲ್ಲ. ಕೇಳಿದರೆ, ‘ನೀನು ಹಿಂದೂ ಅಲ್ವಾ? ಇದು ಶಿವಾಜಿ ಕಾಲದಿಂದ ಬಂದದ್ದು’ ಎನ್ನುತ್ತಾನೆ. ಪಕ್ಕದ ಬ್ಯಾರಿ ಮುಸ್ಲಿಮರ ಮನೆಯ ಹುಡುಗನ ಜೊತೆ ಆಡಿ ಬೆಳೆದವನು ಈಗ ಅವನ ಮುಖ ನೋಡುವುದಿಲ್ಲ. ಅಮ್ಮನಿಗೆ ಮಗ ದೇವರ ಕೆಲಸ ಮಾಡುತ್ತಿದ್ದಾನೆಂಬ ಸಮಾಧಾನ. ಮೊನ್ನೆ ಅಟ್ಟದಿಂದ ಅಡಕೆ ಗೋಣಿ ಇಳಿಸುವಾಗ ಹಳೆ ಪಂಚೆಯಲ್ಲಿ ಸುತ್ತಿಟ್ಟ ತಲವಾರು ಸಿಕ್ಕಿತು. ಹೊಳೆಗೆ ಎಸೆಯಲೆ? ಪೊಲೀಸರಿಗೆ ಹೇಳಲೆ? ಇವರೆಲ್ಲ ಯಾರು, ಎಲ್ಲಿಂದ ಬಂದವರು?

ಉತ್ತರ: ಟೀಚರೇ, ಮೊದಲು ತಲವಾರಿನ ವಿಷಯ. ಹೊಳೆಗೆ ಎಸೆಯಬೇಡಿ. ಅದು ಈಗಾಗಲೇ ಎಲ್ಲಾದರೂ ಬಳಕೆಯಾಗಿದ್ದರೆ, ಎಸೆದ ನೀವು ಸಾಕ್ಷ್ಯನಾಶದ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತುವುದಂತೂ ಬೇಡವೇ ಬೇಡ. ದಾರಿಯಲ್ಲಿ ತಪಾಸಣೆಯಾದರೆ ಅದು ನಿಮ್ಮ ಕೈಯಲ್ಲಿ ಸಿಕ್ಕಿದ ಆಯುಧ. ಫೋಟೋ ತೆಗೆದು ಭಾವನಿಗೋ ಮಾವನಿಗೋ ಕಳುಹಿಸಬೇಡಿ. ಪಂಚೆ ಹೇಗೆ ಸುತ್ತಿತ್ತೋ ಹಾಗೆಯೇ ಇರಲಿ.

ಮನೆಯಲ್ಲಿ ಕತ್ತಿ ಇಲ್ಲವೆ, ಅಡಕೆ ಕೊಯ್ಯಲು, ತೆಂಗಿನಕಾಯಿ ಕೆತ್ತಲು ಎಂದು ಅಮ್ಮ ಹೇಳಿಯಾರು. ಕಾನೂನು ಈ ವ್ಯತ್ಯಾಸವನ್ನು ಅಳತೆ ಹಾಕಿಯೇ ಹೇಳಿದೆ. ಆಯುಧ ನಿಯಮಗಳ ಪಟ್ಟಿಯಲ್ಲಿ ತಲವಾರಿಗೆ ಹೆಸರಿಟ್ಟೇ ಜಾಗ ಇದೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಚೂರಿಗಳೂ ಅದೇ ಪಟ್ಟಿಯಲ್ಲಿವೆ. ಮನೆಬಳಕೆ, ಕೃಷಿಯಂಥ ಕೆಲಸಕ್ಕೆ ಮಾಡಿದವು ಹೊರಗೆ. ಲೈಸೆನ್ಸಿನ ಅಗತ್ಯ ಆಯಾ ಪ್ರದೇಶದ ಅಧಿಸೂಚನೆಯ ಮೇಲೆ ನಿಂತಿದೆ. ಹಾಗಾಗಿ ಮೊದಲ ಹೆಜ್ಜೆ ವಕೀಲರ ಕಡೆಗೆ. ನೀವು ಅವರ ಕಕ್ಷಿದಾರರಾಗಿ ಹೇಳಿದ ಹಿಂದಿನ ಸಂಗತಿಯನ್ನು ಅವರು ಹೊರಗೆ ಬಿಡುವಂತಿಲ್ಲ, ಕಾನೂನೇ ತಡೆದಿದೆ. ಪರಿಚಯದ ವಕೀಲರಿಲ್ಲದಿದ್ದರೆ ವಿದ್ಯಾನಗರದ ಕೋರ್ಟು ಸಂಕೀರ್ಣಕ್ಕೆ ಹೋಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ತಲವಾರು ಮನೆಯಿಂದ ಹೊರಗೆ ಹೋಗುವುದಾದರೆ ವಕೀಲರು ಹೇಳಿದ ದಾರಿಯಲ್ಲಿ, ತಮ್ಮನೇ ಒಪ್ಪಿ, ಲೆಕ್ಕಕ್ಕೆ ಸಿಗುವ ಹಾಗೆ ಹೋಗಬೇಕು.

ಒಂದು ಎಚ್ಚರಿಕೆ: ಆ ಸೇನೆಯವರು ಗೊತ್ತುಮಾಡಿಕೊಡುವ ವಕೀಲರು ಬೇಡ. ಮುಖಂಡನಿಗೂ ನಿಮ್ಮ ತಮ್ಮನಿಗೂ ಒಬ್ಬರೇ ವಕೀಲರಾದರೆ, ‘ತಂದುಕೊಟ್ಟದ್ದು ಇಂಥವರು’ ಎಂದು ಹೇಳಬೇಕಾದ ಹೊತ್ತಿಗೆ ತಮ್ಮನ ಬಾಯಿ ಕಟ್ಟಿರುತ್ತದೆ.

ಇನ್ನು ಶಿವಾಜಿಯ ವಿಷಯ. ಈ ರಾಜಕೀಯಕ್ಕೆ ಅಷ್ಟು ವಯಸ್ಸಾಗಿಲ್ಲ, ನೂರು ನೂರಿಪ್ಪತ್ತು ವರ್ಷದ್ದು. ಹಿಂದೂ ಮಹಾಸಭೆಯ ಮೂಲರೂಪ 1915ರಲ್ಲಿ ಹರಿದ್ವಾರದಲ್ಲಿ ಹುಟ್ಟಿತು. ‘ಹಿಂದುತ್ವ’ ಎಂಬ ಪದಕ್ಕೆ ಇಂದಿನ ರಾಜಕೀಯ ಅರ್ಥ ಕೊಟ್ಟದ್ದು ಸಾವರ್ಕರ್ 1923ರಲ್ಲಿ, ಇನ್ನೂ ಸೆರೆಯಲ್ಲಿದ್ದಾಗ, ‘ಒಬ್ಬ ಮರಾಠ’ ಎಂಬ ಗುಪ್ತನಾಮದಲ್ಲಿ ಹೊರಬಂದ ಕಿರುಹೊತ್ತಗೆಯಲ್ಲಿ. ಈ ನೆಲ ಪಿತೃಭೂಮಿಯೂ ಪುಣ್ಯಭೂಮಿಯೂ ಆದವನೇ ಹಿಂದೂ ಎಂಬುದು ಅದರ ತಿರುಳು. ಪುಣ್ಯಕ್ಷೇತ್ರ ಬೇರೆ ದೇಶದಲ್ಲಿರುವವರು ಇಲ್ಲೇ ಹುಟ್ಟಿದ್ದರೂ ಲೆಕ್ಕದಿಂದ ಹೊರಗೆ. ಪಕ್ಕದ ಮನೆಯ ಹುಡುಗ ನಿಮ್ಮ ತಮ್ಮನಿಗೆ ಇದ್ದಕ್ಕಿದ್ದಂತೆ ಹೊರಗಿನವನಾದದ್ದು ಈ ವಾಕ್ಯದ ಮೊಮ್ಮಗು.

1925ರ ವಿಜಯದಶಮಿಗೆ ನಾಗಪುರದಲ್ಲಿ ಹೆಡಗೇವಾರರು ರಾಷ್ಟ್ರೀಯ ಸ್ವಯಂಸೇವಕ ಸಂಘ ಕಟ್ಟಿದರು. ಅದಕ್ಕೆ ಮುಂಚೆ ಅವರು ಕಾಂಗ್ರೆಸ್ಸಿನಲ್ಲಿದ್ದವರು. ತುರ್ಕಿಯ ಖಲೀಫನ ಪರವಾಗಿ ಎದ್ದ ಖಿಲಾಫತ್ ಚಳವಳಿ ಕುಸಿದಿತ್ತು, 1921ರ ಮಲಬಾರಿನ ಮಾಪಿಳ್ಳೆ ಮುಸ್ಲಿಮರ ದಂಗೆಯ ಸುದ್ದಿ ಉತ್ತರಕ್ಕೆ ಹರಡಿತ್ತು, 1923ರಲ್ಲಿ ನಾಗಪುರದಲ್ಲೇ ಮೆರವಣಿಗೆಯ ಜಗಳ ಗಲಭೆಯಾಗಿತ್ತು. ಆ ಹೆದರಿಕೆಯಲ್ಲಿ ಹುಟ್ಟಿದ ಸಂಘಟನೆ ಅದು. 1921 ಎಂದರೆ ನಿಮ್ಮ ತಮ್ಮನ ಮೊಬೈಲಿನಲ್ಲಿ ಹತ್ತು ವಿಡಿಯೋ ಇದ್ದಾವು. ಅಲ್ಲಿ ಹಿಂದೂಗಳ ಕೊಲೆ, ಬಲಾತ್ಕಾರದ ಮತಾಂತರ ನಡೆದದ್ದು ಸುಳ್ಳಲ್ಲ, ಅಲ್ಲಗಳೆಯಲು ಹೋಗಬೇಡಿ. ಆದರೆ ಅದು ನಡೆದದ್ದು ಮುಖ್ಯವಾಗಿ ದಕ್ಷಿಣ ಮಲಬಾರಿನ ಏರನಾಡು, ವಳ್ಳುವನಾಡು ತಾಲೂಕುಗಳಲ್ಲಿ. ಆಗ ಕಾಸರಗೋಡು ಮಲಬಾರ್ ಜಿಲ್ಲೆಯಲ್ಲೇ ಇರಲಿಲ್ಲ, ದಕ್ಷಿಣ ಕನ್ನಡದ ತಾಲೂಕಾಗಿತ್ತು. ‘ನಮ್ಮ ಅಜ್ಜಂದಿರಿಗೆ ಹೀಗಾಯಿತು’ ಎಂದರೆ, ಯಾವ ಅಜ್ಜನಿಗೆ, ಯಾವ ಊರಲ್ಲಿ ಎಂದು ಮೆಲ್ಲಗೆ ಕೇಳಿ.

ಸೇನೆಯ ಶಿಸ್ತಿನ ಹುಚ್ಚು ಎಲ್ಲಿಯದು ಎಂಬುದಕ್ಕೂ ದಾಖಲೆ ಇದೆ. ಹೆಡಗೇವಾರರ ಹಿರಿಯ ಒಡನಾಡಿ ಬಿ.ಎಸ್. ಮುಂಜೆ 1931ರಲ್ಲಿ ಇಟಲಿಗೆ ಹೋಗಿ ಸರ್ವಾಧಿಕಾರಿ ಮುಸೊಲಿನಿಯನ್ನು ಕಂಡರು, ಅಲ್ಲಿಯ ಬಾಲಕರ ಕವಾಯತು ನೋಡಿ ಮೆಚ್ಚಿದರು. 1937ರಲ್ಲಿ ನಾಸಿಕದಲ್ಲಿ ಭೋಂಸಲಾ ಸೈನಿಕ ಶಾಲೆ ತೆರೆದರು. ಅಂದಹಾಗೆ ಸಾವರ್ಕರ್ ನಾಸ್ತಿಕರಂತೆ ಬಾಳಿದವರು. ಹಸು ಉಪಯುಕ್ತ ಪ್ರಾಣಿ, ದೇವರಲ್ಲ ಎಂದು ಬರೆದವರು. ಗೋರಕ್ಷಣೆಯ ಹೆಸರಲ್ಲಿ ರಾತ್ರಿ ಲಾರಿ ನಿಲ್ಲಿಸುವ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಸ್ವಾತಂತ್ರ್ಯದ ನಂತರದ ಕವಲುಗಳು ಬೇರೆ. ವಿಶ್ವ ಹಿಂದೂ ಪರಿಷತ್ತು 1964ರಲ್ಲಿ ಮುಂಬಯಿಯಲ್ಲಿ, ಬಜರಂಗ ದಳ 1984ರಲ್ಲಿ ಅಯೋಧ್ಯೆ ಚಳವಳಿಯ ಯುವಪಡೆಯಾಗಿ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಬಿತ್ತು, ನಾಲ್ಕೇ ದಿನಕ್ಕೆ ಸಂಘ, ಪರಿಷತ್ತು, ದಳ ಮೂರಕ್ಕೂ ನಿಷೇಧ ಬಂತು. ಸಂಘ ಮತ್ತು ದಳದ ನಿಷೇಧ 1993ರಲ್ಲೇ ನ್ಯಾಯಮಂಡಳಿಯ ಮುಂದೆ ಬಿದ್ದುಹೋಯಿತು. ದೊಡ್ಡ ಸಂಘಟನೆಗಳು ಮೆತ್ತಗಾದವು ಎಂದು ಮುನಿಸಿಕೊಂಡು ಹೊರಬಿದ್ದವರದ್ದು ಇನ್ನೊಂದು ಸಾಲು. ಬಜರಂಗ ದಳದಿಂದ ಬಂದ ಪ್ರಮೋದ್ ಮುತಾಲಿಕರ ಶ್ರೀರಾಮ ಸೇನೆ ಅಂಥದ್ದು. ನಿಮ್ಮ ತಮ್ಮನ ‘ಸೇನೆ’ ಬಹುಶಃ ಈ ಸಾಲಿನ ತೀರ ಕೊನೆಯದು: ಹೆಸರು, ಒಂದು ಬ್ಯಾನರು, ಒಂದು ವಾಟ್ಸಾಪ್ ಗ್ರೂಪು.

ಶಾಖೆಗೆ ಹೋಗುವವರೆಲ್ಲ ತಲವಾರು ಇಟ್ಟುಕೊಳ್ಳುವವರಲ್ಲ. ಭಜನೆ, ರಕ್ತದಾನ, ಶ್ರಮದಾನ ಮಾಡಿ ಮನೆಗೆ ಬಂದು ಮಲಗುವವರೇ ಹೆಚ್ಚು. ನಿಮ್ಮ ತಮ್ಮ ಎಲ್ಲಿದ್ದಾನೆ ಎಂದು ತಿಳಿಯಲು ಹಣೆಯ ತಿಲಕ ನೋಡಬೇಡಿ, ಗುಟ್ಟು ಎಷ್ಟಿದೆ ನೋಡಿ. ಸಭೆ ಎಲ್ಲಿ ಎಂದು ಹೇಳುತ್ತಾನೆಯೆ? ಹೋಗುವಾಗ ಮೊಬೈಲನ್ನು ಮನೆಯಲ್ಲೇ ಬಿಡುತ್ತಾನೆಯೆ? ಬೇರೆ ಹೆಸರಿನ ಸಿಮ್ಮು ಇದೆಯೆ? ದೈವದ ಮುಂದೆ ಆಣೆ ಮಾಡಿಸಿದ್ದಾರೆಯೆ? ಪೆಟ್ರೋಲಿಗೆ, ಊಟಕ್ಕೆ ದುಡ್ಡು ಕೊಡುವವರು ಯಾರು? ಮೊಬೈಲು ಮನೆಯಲ್ಲೇ ಉಳಿಯುವ ರಾತ್ರಿಗಳು ಶುರುವಾಗಿದ್ದರೆ ನಿಮಗಿರುವ ಸಮಯ ಕಡಿಮೆ.

ಇಂಥ ಗುಂಪುಗಳಲ್ಲಿ ಸದಸ್ಯರ ಪಟ್ಟಿ ಇರುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಜವಾಬ್ದಾರಿಯೂ ಇಲ್ಲ, ಕೇಸಾದ ದಿನ ‘ಅವನು ನಮ್ಮವನಲ್ಲ’ ಎಂದರೆ ಮುಗಿಯಿತು. ಇದು ಹೊಸ ಉಪಾಯವೇನಲ್ಲ. 1948ರ ಜನವರಿ 30ರಂದು ಗಾಂಧಿಯನ್ನು ಕೊಂದ ಗೋಡ್ಸೆ ಬಗ್ಗೆ ಸಂಘ ಹೇಳಿದ್ದು, ಆತ ಎಂದೋ ಬಿಟ್ಟುಹೋಗಿದ್ದ ಎಂದು. ಬಿಟ್ಟಿರಲಿಲ್ಲ ಎಂದು ಆತನ ತಮ್ಮ ಗೋಪಾಲ ಗೋಡ್ಸೆ ದಶಕಗಳ ನಂತರ ಹೇಳಿದ. ಸಂಘಕ್ಕೆ ಆಗ ಲಿಖಿತ ಸಂವಿಧಾನವೇ ಇರಲಿಲ್ಲ. ಅದನ್ನು ಬರೆದುಕೊಟ್ಟ ಮೇಲೆ, ಗಾಂಧಿ ಕೊಲೆಯ ಬೆನ್ನಿಗೆ ಸಂಘದ ಮೇಲೆ ಬಿದ್ದಿದ್ದ ನಿಷೇಧ 1949ರ ಜುಲೈಯಲ್ಲಿ ತೆರವಾಯಿತು. ‘ನಿಮ್ಮ ಸೇನೆಯ ರಿಜಿಸ್ಟರಿನಲ್ಲಿ ನಿನ್ನ ಹೆಸರು ಉಂಟಾ?’ ತಮ್ಮನನ್ನು ಕೇಳಬೇಕಾದ ಒಂದೇ ಪ್ರಶ್ನೆ ಇದ್ದರೆ ಇದು.

ಕೇಸು ಎಂದರೆ ಏನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದ ಪ್ರಕರಣದಲ್ಲಿ ಶ್ರೀರಾಮ ಸೇನೆಯವರು ಖುಲಾಸೆಯಾದದ್ದು 2018ರಲ್ಲಿ. ಒಂಬತ್ತು ವರ್ಷ ಆರೋಪಿಗಳಾಗಿದ್ದರು. 2017ರ ಮಾರ್ಚಿನಲ್ಲಿ ನಮ್ಮ ಕಾಸರಗೋಡಿನ ಚೂರಿ ಎಂಬ ಊರಿನ ಮಸೀದಿಯಲ್ಲಿ ಮದರಸಾ ಅಧ್ಯಾಪಕರ ಕೊಲೆಯಾಯಿತು. ಬಂಧಿತರಾದ ಮೂವರು ಏಳು ವರ್ಷ ಜಾಮೀನಿಲ್ಲದೆ ಜೈಲಿನಲ್ಲಿದ್ದು 2024ರ ಮಾರ್ಚ್ 30ರಂದು ಖುಲಾಸೆಯಾದರು. ಸತ್ತವರ ಮನೆಗೆ ನ್ಯಾಯ ಸಿಗಲಿಲ್ಲ, ಆರೋಪಿಗಳ ಪ್ರಾಯ ಹಿಂದೆ ಬರಲಿಲ್ಲ. ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ದಾಭೋಲ್ಕರ್ ಅವರ ಕೊಲೆಗೆ 2024ರಲ್ಲಿ ಜೀವಾವಧಿ ಆದದ್ದು ಗುಂಡು ಹಾರಿಸಿದ ಇಬ್ಬರಿಗೆ, ಉಳಿದ ಮೂವರು ಬಿಡುಗಡೆಯಾದರು. ‘ಅವರೂ ಮಾಡುವುದಿಲ್ವಾ’ ಎಂದು ತಮ್ಮ ಕೇಳಿಯೇ ಕೇಳುತ್ತಾನೆ. ಹೌದು, ಮುಸ್ಲಿಂ ಸಂಘಟನೆ ಪಾಪ್ಯುಲರ್ ಫ್ರಂಟನ್ನು 2022ರಲ್ಲಿ ನಿಷೇಧಿಸಿದ್ದಾರೆ. ಅದರಿಂದ ಇವನ ಮೇಲಿನ ಒಂದು ಸೆಕ್ಷನ್ನೂ ಕಡಿಮೆಯಾಗುವುದಿಲ್ಲ.

ಅವನಿಗೆ ಗಲ್ಫಿನ ಆಸೆ ಉಂಟು ಎಂದಿರಲ್ಲ, ನಿಮ್ಮ ಕೈಯಲ್ಲಿರುವ ಗಟ್ಟಿ ಹಿಡಿ ಅದೇ. ಕ್ರಿಮಿನಲ್ ಕೇಸು ಕೋರ್ಟಿನಲ್ಲಿದ್ದರೆ ಪಾಸ್‌ಪೋರ್ಟ್ ತಡೆಹಿಡಿಯಬಹುದು. ಕೋರ್ಟಿನ ಅನುಮತಿ ತಂದರೂ, ಅವಧಿ ಎಷ್ಟೆಂದು ಆದೇಶದಲ್ಲಿ ಬರೆದಿಲ್ಲದಿದ್ದರೆ ಸಿಗುವುದು ಒಂದು ವರ್ಷದ ಪಾಸ್‌ಪೋರ್ಟ್. ಐದು ಅಥವಾ ಹೆಚ್ಚು ಜನ ಕಾನೂನುಬಾಹಿರವಾಗಿ ಸೇರಿದ ಗುಂಪಿನಲ್ಲಿ ಒಬ್ಬ ಹೊಡೆದರೂ ಜೊತೆಗೆ ನಿಂತವರು ಹೊಣೆಯಾಗಬಹುದು. ಮತಗಳ ನಡುವೆ ದ್ವೇಷ ಹಬ್ಬಿಸುವ ಫಾರ್ವರ್ಡಿಗೆ ನ್ಯಾಯ ಸಂಹಿತೆಯ 196ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ಕೇಸುಗಳು ಒಂದರ ಮೇಲೊಂದು ಬಿದ್ದರೆ ಕೇರಳದಲ್ಲಿ ಕಾಪಾ ಎಂಬ ಸಮಾಜವಿರೋಧಿ ಚಟುವಟಿಕೆ ತಡೆ ಕಾಯ್ದೆ ಉಂಟು, ಒಂದು ವರ್ಷದವರೆಗೆ ಜಿಲ್ಲೆಗೆ ಕಾಲಿಡದಂತೆ ಮಾಡುತ್ತಾರೆ. ಠಾಣೆಯಿಂದ ಹಾಜರಾಗುವ ನೋಟೀಸು ಬಂದರೆ, ಅದು ಮಲಯಾಳದಲ್ಲಿದೆ ಎಂದು ಬದಿಗಿಡಬೇಡಿ. ಅರ್ಥ ತಿಳಿಯದೆ ಯಾವ ಕಾಗದಕ್ಕೂ ಸಹಿ ಬೇಡ.

ಮಾತಾಡುವ ಕ್ರಮ. ಅಮ್ಮನ ಎದುರು ಬೇಡ, ಅವನ ಗೆಳೆಯರ ಎದುರು ಖಂಡಿತ ಬೇಡ. ಅವನು ಕೆಲಸ ಮುಗಿಸಿ ಬಂದು ಉಂಡ ಮೇಲೆ ನೀವಿಬ್ಬರೇ ಇದ್ದಾಗ ತಲವಾರಿನ ಮಾತು ಮಾತ್ರ ತೆಗೆಯಿರಿ. ‘ಹುಡುಗಾ, ಅಟ್ಟದಲ್ಲಿ ಇದ್ದದ್ದು ನೋಡಿದೆ. ಯಾರದ್ದು?’ ಅವನದೇ ಅಲ್ಲದಿರಲಿಕ್ಕೂ ಸಾಕು. ಕೇಸಿಲ್ಲದ ಹುಡುಗನ ಮನೆಯಲ್ಲಿ ಮಾಲು ಇಡುವುದು ಮುಖಂಡರಿಗೆ ಕ್ಷೇಮ, ಅಮ್ಮನೂ ಅಕ್ಕನೂ ಮಾತ್ರ ಇರುವ ಮನೆಯಾದರೆ ಇನ್ನೂ ಕ್ಷೇಮ. ಇದು ಅವನಿಗೆ ಹೊಳೆದರೆ ಅರ್ಧ ಕೆಲಸ ಆಯಿತು. ಅಂದು ಸಿದ್ಧಾಂತ ಎತ್ತಬೇಡಿ. ಮೊಬೈಲು ಕಸಿಯುವುದು, ಅಪ್ಪ ಇದ್ದಿದ್ದರೆ ಎಂದು ಅಳುವುದು, ಮದುವೆ ಮಾಡಿದರೆ ಸರಿಹೋದಾನು ಎಂದು ಜಾತಕ ಹುಡುಕುವುದು, ಇವೆಲ್ಲ ಅವನನ್ನು ಇನ್ನಷ್ಟು ಬೇಗ ಆ ಗ್ರೂಪಿಗೇ ಅಟ್ಟುತ್ತವೆ. ಹುಡುಗರು ಪುಸ್ತಕ ಓದಿ ಅಲ್ಲಿಗೆ ಹೋಗುವುದಿಲ್ಲ. ಬ್ರಹ್ಮಕಲಶದ ದಿನ ಕೈಗೆ ವಾಕಿಟಾಕಿ ಕೊಟ್ಟು ‘ಪಾರ್ಕಿಂಗ್ ನೀನೇ ನೋಡಿಕೋ’ ಎಂದಿರುತ್ತಾರೆ. ಅಷ್ಟು ದೊಡ್ಡ ಜವಾಬ್ದಾರಿಯನ್ನು ಮನೆಯಲ್ಲಿ ನಾವು ಯಾವಾಗ ಕೊಟ್ಟಿದ್ದೇವೆ?

ಹೊರಬರುವುದು ಸದ್ದಿಲ್ಲದೆ ಆಗಬೇಕು. ರಾಜೀನಾಮೆ, ಜಗಳ, ಸ್ಟೇಟಸ್ಸು ಏನೂ ಬೇಡ. ಗ್ರೂಪನ್ನು ಮೊದಲು ಮ್ಯೂಟ್ ಮಾಡಿ ಆರ್ಕೈವಿಗೆ ಹಾಕಲಿ, ಕೆಲವು ವಾರ ಕಳೆದು ಬಿಡಲಿ. ಬಿಟ್ಟ ಸೂಚನೆ ಈಗ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ, ಆದರೆ ಗ್ರೂಪಿನ ಮಾಹಿತಿ ತೆರೆದು ನೋಡಿದರೆ ಬಿಟ್ಟವರ ಹೆಸರು ಕೆಲವು ಕಾಲ ಉಳಿದವರಿಗೂ ಕಾಣುತ್ತದೆ. ವಯರ್‌ಮನ್ ಲೈಸೆನ್ಸಿನ ಪರೀಕ್ಷೆ, ದೂರದ ಸೈಟಿನ ಕೆಲಸ, ಅಮ್ಮನ ಆಸ್ಪತ್ರೆ, ನಂಬುವಂಥ ನೆವಗಳು ಬೇಕಾದಷ್ಟು ಉಂಟು. ದೇವಸ್ಥಾನ ಬಿಡು ಎಂದು ಮಾತ್ರ ಹೇಳಬೇಡಿ. ಮಂಜೇಶ್ವರ ಉದ್ಯಾವರದ ಅರಸು ಮಂಜಿಷ್ಣಾರ್ ಕ್ಷೇತ್ರದ ದೈವಪಾತ್ರಿಗಳು ಜಾತ್ರೆಗೆ ಮುಂಚೆ ಅಲ್ಲಿಯ ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಟ್ಟು ಬರುತ್ತಾರೆ. ಅದನ್ನು ನೋಡಲು ಒಮ್ಮೆ ಅವನನ್ನು ಕರೆದುಕೊಂಡು ಹೋಗಿ, ವ್ಯಾಖ್ಯಾನ ಕೊಡಬೇಡಿ. ಪೆರ್ನಾಳಿಗೆ, ಅಂದರೆ ಈದ್ ಹಬ್ಬಕ್ಕೆ, ಪಕ್ಕದ ಮನೆಯಿಂದ ಬಂದ ಪಾತ್ರೆ ಅಡುಗೆಮನೆಯಲ್ಲಿ ಉಳಿದಿದ್ದರೆ ವಾಪಸು ಕೊಡಲು ಅವನನ್ನೇ ಕಳುಹಿಸಿ, ಹೋಗದಿದ್ದರೆ ಒತ್ತಾಯ ಬೇಡ.

ಪೊಲೀಸರ ವಿಷಯಕ್ಕೆ ಕಡೆಗೆ ಬಂದೆ. ತಲವಾರೊಂದೇ ಆದರೆ ವಕೀಲರ ಮೂಲಕ ಸಾಕು. ಆದರೆ ಯಾರಿಗೆ, ಯಾವ ದಿನ, ಎಲ್ಲಿ, ಈ ಮೂರರಲ್ಲಿ ಎರಡು ನಿಮ್ಮ ಕಿವಿಗೆ ಬಿದ್ದರೆ ವಕೀಲರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅಮ್ಮನ ಒಪ್ಪಿಗೆಯನ್ನೂ ಕೇಳಬೇಡಿ. 112ಕ್ಕೆ ಫೋನ್ ಮಾಡಿ, ಕೇಳಿದ್ದನ್ನು ಕೇಳಿದಷ್ಟೇ ಹೇಳಿ. ತಮ್ಮ ಕೆಲವು ಕಾಲ ನಿಮ್ಮೊಡನೆ ಮಾತು ಬಿಟ್ಟಾನು.